ಸೋಮವಾರ ಎತ್ತು ಹೂಡುವುದಿಲ್ಲ

ಬೆಳಗಾವಿಯ ಖಾಸಬಾಗದಲ್ಲಿ ಹುಟ್ಟಿ ಬೆಳೆದ ನನಗೆ ಮಣ್ಣೆಂದರೆ ತುಳಸಿ ಕುಂಡದಲ್ಲಿರುವುದು, ಅಷ್ಟೇ. ಖಾನಾಪುರ ತಾಲ್ಲೂಕಿನ ಬೀಡಿ ಎಂಬ ಊರಿಗೆ ಸೊಸೆಯಾಗಿ ಬಂದ ಮೇಲೆ ಅದರ ಸಿಟ್ಟು ಸೆಡವು ಗೊತ್ತಾಯಿತು.

ಈ ಸಲ ಸೋಯಾ ಬಿತ್ತಿದ ಮರುದಿನವೇ ದಪ್ಪ ಹನಿಯ ಮಳೆ ಹೊಡೆಯಿತು. ಆಮೇಲೆ ಮೋಡ ಚದುರಿ, ಬಿಸಿಲಿನ ಜೊತೆ ಪಡುವಣ ಗಾಳಿ ಬಿಡದೆ ಬೀಸಿತು. ಮೇಲ್ಮಣ್ಣು ಒಣಗಿ ಕಟಕ್ ರೊಟ್ಟಿಯಂತೆ ಗಟ್ಟಿ ಪದರ ಕಟ್ಟಿಕೊಂಡಿತು. ಸೋಮವಾರ ಬೆಳಿಗ್ಗೆ ಹೊಲದಲ್ಲಿ ಮಾವ ಗುರುಪುತ್ರಪ್ಪ ಅದರ ಒಂದು ತುಂಡು ಎತ್ತಿ ತೋರಿಸಿದರು. ಅಡಿಯಲ್ಲಿ ಮೊಳಕೆಗಳು ಬೆನ್ನು ಬಾಗಿಸಿ ಮೇಲಕ್ಕೆ ಒತ್ತುತ್ತಿದ್ದವು. ಒಂದೆರಡರ ಕುತ್ತಿಗೆ ಆಗಲೇ ಮುರಿದಿತ್ತು.

“ಮ್ಯಾಲಿನ ಮಣ್ಣ ಇವತ್ತ ಒಡೀಲಿಲ್ಲಂದ್ರ ನಾಳಿ ಎಲ್ಲಾ ಒಳಗ ಮುರೀತಾವ,” ಎಂದರು.

“ಮತ್ತ ಒಡೀರಿ. ಏನ ನೋಡಾಕತ್ತೀರಿ?”

“ಮುಳ್ಳಿನ ಟೊಂಗಿ ಎಳೀಬೇಕು, ಅದಕ್ಕ ಎತ್ತು ಬೇಕು. ಇವತ್ತ ಸೋಮವಾರ ಐತೆಲ್ಲವಾ.”

ಸೋಮವಾರ ಬಸವಣ್ಣನ ವಾರ. ನಮ್ಮ ಓಣಿಯಲ್ಲಿ ಅಂದು ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಗೊತ್ತಿದ್ದರೂ ಮೈ ಉರಿಯಿತು. ಬಿತ್ತಿದ್ದು ಹೋದ ವರ್ಷದ ಬೆಳೆಯಲ್ಲಿ ನಾವೇ ಆರಿಸಿಟ್ಟುಕೊಂಡ ಬೀಜ. ಮನೆಯಲ್ಲಿ ಇನ್ನೊಂದು ಹಿಡಿ ಇರಲಿಲ್ಲ, ಖಾನಾಪುರದ ಅಂಗಡಿಗಳಲ್ಲೂ ಮುಗಿದಿತ್ತು. ಇದು ಹೋದರೆ ಈ ಮುಂಗಾರೇ ಹೋದ ಹಾಗೆ. ಟ್ರ್ಯಾಕ್ಟರ್ ಕರೆಸೋಣವೆಂದೆ. ಅದರ ಭಾರಕ್ಕೆ ಇದ್ದ ಮೊಳಕೆಯೂ ಸಾಯುತ್ತದೆ ಎಂದರು ಮಾವ.

“ಬಸವಣ್ಣ ಒಂದ ದಿನ ಕಣ್ಣ ಮುಚ್ಚಿಕೊಳ್ಳಂಗಿಲ್ಲೇನ್ರಿ ಮಾವಾರ?” ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ಮಾವ ಮುಖ ತಿರುಗಿಸಿದರು.

ಅತ್ತೆ ಚಂದ್ರವ್ವ ಆಗಲೇ ಬದುವಿನ ಜಾಲಿ ಟೊಂಗೆ ಕಡಿದು ಹಗ್ಗ ಬಿಗಿಯುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಗ್ಗದ ಒಂದು ತುದಿಯನ್ನು ಹೆಗಲಿಗೆ ಹಾಕಿಕೊಂಡರು.

“ಸೂಟಿ ಎತ್ತಿಗೆ ಐತಿ. ನಮಗ ಯಾರ ಕೊಟ್ಟಾರ? ಬಾ ಸಪ್ನಾ, ಬಾಯಿ ಸಾಕು, ಹೆಗಲ ಕೊಡು.”

ಎಳೆದೆವು. ಮುಳ್ಳು ಮೇಲ್ಪದರವನ್ನಷ್ಟೇ ಗೀರಿ ಪುಡಿ ಮಾಡುತ್ತ ಹಿಂದೆ ಬಂತು. ಧೂಳು ಗಾಳಿಗೆ ಎದ್ದು ನಮ್ಮ ಬಾಯಿಗೇ ಬಿತ್ತು. ಮಾವ ಸ್ವಲ್ಪ ಹೊತ್ತು ನಿಂತು ನೋಡಿ, ಅತ್ತೆಯ ಹಗ್ಗಕ್ಕೆ ಕೈ ಹಾಕಿದರು. ಅತ್ತೆ ಬಿಟ್ಟುಕೊಡಲಿಲ್ಲ. ಮೂವರೂ ಎಳೆದೆವು. ಎತ್ತುಗಳು ಬೇವಿನ ಮರದ ಕೆಳಗೆ ಮೆಲುಕು ಹಾಕುತ್ತ ಮಲಗಿದ್ದವು. ನನಗೆ ಅವುಗಳ ಮೇಲೂ ಸಿಟ್ಟು ಬಂತು.

ಕತ್ತಲಾಗುವ ಹೊತ್ತಿಗೆ ಮುಕ್ಕಾಲು ಹೊಲ ಮುಗಿದಿತ್ತು. ಹೆಗಲು ಬಾತಿತ್ತು, ಕೈ ಎತ್ತಲು ಬರುತ್ತಿರಲಿಲ್ಲ. ಉಳಿದ ತುಂಡಿಗೆ ಮಂಗಳವಾರ ನಸುಕಿನಲ್ಲೇ ಮಾವ ಎತ್ತು ಹೂಡಿದರು. ಅಷ್ಟರಲ್ಲಿ ತಡವಾಗಿತ್ತು.

ವಾರ ಕಳೆಯುವುದರೊಳಗೆ ನಾವು ಎಳೆದ ಸಾಲುಗಳಲ್ಲಿ ಸೋಯಾ ಎರಡೆಲೆ ಬಿಚ್ಚಿ ನಿಂತಿತು. ಎತ್ತು ಎಳೆದ ಕಡೆ ಅಲ್ಲೊಂದು ಇಲ್ಲೊಂದು ಸಸಿ, ಉಳಿದದ್ದು ಬೋಳು. ದಾರಿಯಲ್ಲಿ ಹೋಗುವವರು ಇದೇನೆಂದು ಕೇಳಿದರೆ ಮಾವ ಏನೂ ಮುಚ್ಚಿಡುವುದಿಲ್ಲ.

“ಅದು ಎತ್ತು ಎಳದದ್ದು. ಇದು ನನ್ನ ಹೆಂಡ್ತಿ, ಸೊಸಿ ಎಳದದ್ದು,” ಎನ್ನುತ್ತಾರೆ.

ತಾವೂ ಎಳೆದದ್ದನ್ನು ಮಾತ್ರ ಹೇಳುವುದಿಲ್ಲ.