ಮೊದಲ ಸದ್ದು ಹಿರಿಯರಿಗೆ

ಕೊನೆಯ ಬೆಸುಗೆ ಆರುವ ತನಕ ಬುರುಲ್‌ಕಾನ್ ಉಸಿರು ಬಿಡಲಿಲ್ಲ. ಸುಟ್ಟ ರಾಳದ ಹೊಗೆ ಕಿಟಕಿಯ ಬಿಸಿಲಿನಲ್ಲಿ ಎಳೆಯಾಗಿ ಮೇಲೆದ್ದಿತು. ಅಂಗೈಯಗಲದ ರಟ್ಟಿನ ಮೇಲೆ ಎರಡು ಟ್ರಾನ್ಸಿಸ್ಟರು, ನಾಲ್ಕು ರೆಸಿಸ್ಟರು, ಎರಡು ಕೆಪ್ಯಾಸಿಟರು. ಅಷ್ಟೇ ಅದರ ಸಂಸಾರ.

"ಇದೇನು ಮಾಡುತ್ತೆ ಬುರುಲಕ್ಕಾ?" ಎಂದಳು ಪಕ್ಕದ ಮನೆಯ ಕಲಿಪಾ. ರಾಜಧಾನಿ ಬಿಷ್ಕೆಕ್‌ನ ಸಂತೆಯಲ್ಲಿ ಹುಡುಕಿ ಆ ಟ್ರಾನ್ಸಿಸ್ಟರುಗಳನ್ನು ತಂದುಕೊಟ್ಟವಳು ಅವಳೇ.

"ಸದ್ದು ಮಾಡುತ್ತೆ. ಇವೆರಡೂ ಓರಗಿತ್ತಿಯರಿದ್ದ ಹಾಗೆ. ಇವಳು ಎದ್ದರೆ ಅವಳು ಮಲಗ್ತಾಳೆ, ಅವಳು ಎದ್ದರೆ ಇವಳು. ಸೆಕೆಂಡಿಗೆ ಸಾವಿರ ಸಲ. ಮೈಮುರಿಯೋದು, ಆಕಳಿಸೋದು ಏನೂ ಇಲ್ಲ. ದಡಕ್ಕನೆ ಏಳೋದು, ದಡಕ್ಕನೆ ಬೀಳೋದು. ಕಾಗದದ ಮೇಲೆ ಬರೆದರೆ ಕೋಟೆಗೋಡೆ ಥರ ಚೌಕ ಚೌಕ."

"ನನ್ನ ಓರಗಿತ್ತಿ ಬಿದ್ದಳು ಅಂದ್ರೆ ಮುಗೀತು, ಏಳೋದೇ ಇಲ್ಲ," ಎಂದು ಕಲಿಪಾ ಚಹಾ ಬಗ್ಗಿಸಿದಳು.

ಬುರುಲ್‌ಕಾನ್‌ಳ ಗಂಡ ಎಶೆನ್ ಕಂಬಳಿಯ ಮೇಲೆ ಕೂತು ಇಬ್ಬರ ತುಟಿಗಳನ್ನೂ ನೋಡುತ್ತಿದ್ದ. ಚಳಿಗಾಲದ ಜ್ವರ ಅವನನ್ನು ಬಿಟ್ಟು ಹೋಗುವಾಗ ಕಿವಿಗಳನ್ನು ಕೊಂಡುಹೋಗಿತ್ತು. ನಾಳೆ ನರೀನ್ ಪಟ್ಟಣಕ್ಕೆ ಕಿವಿಯ ಡಾಕ್ಟರು ಬರುವವರಿದ್ದರು. ಕಿವಿಯಲ್ಲಿ ಒಂದಿಷ್ಟಾದರೂ ಜೀವ ಉಳಿದವರಿಗೆ ಯಂತ್ರ ಕೊಡುತ್ತಾರಂತೆ. ಎಶೆನ್ ಮಾತ್ರ ಜಪ್ಪಯ್ಯ ಎಂದರೂ ಹೊರಡಲೊಲ್ಲ. "ಸತ್ತ ಕಿವಿ ಹೊತ್ಕೊಂಡು ಅಷ್ಟು ದೂರ ಯಾಕೆ? ಒಂದೇ ಒಂದು ಸದ್ದು ಕೇಳಿಸು, ಬರ್ತೀನಿ," ಎಂದುಬಿಟ್ಟಿದ್ದ.

ಅದಕ್ಕೇ ಬುರುಲ್‌ಕಾನ್ ಹಳೆಯ ಕಸುಬಿಗೆ ಕೈ ಹಾಕಿದ್ದು. ಮದುವೆಗೆ ಮೊದಲೂ ಆಮೇಲೂ ಸೇರಿ ಇಪ್ಪತ್ತು ವರ್ಷ ಅವಳು ರೇಡಿಯೊ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದವಳು.

ಆ ಮನೆಯಲ್ಲಿ ಹೊಸದು ಏನೇ ಬರಲಿ, ಹೊಸ ಹಿಟ್ಟಿನ ರೊಟ್ಟಿಯಾಗಲಿ, ಕುದುರೆ ಹಾಲು ಹುಳಿಸಿ ಮಾಡಿದ ವರ್ಷದ ಮೊದಲ ಕುಮಿಸ್ ಆಗಲಿ, ಮೊದಲು ಹಿರಿಯರ ತುಟಿಗೆ. ನಲವತ್ತು ವರ್ಷದಲ್ಲಿ ಒಮ್ಮೆಯೂ ಅವಳು ಅದನ್ನು ತಪ್ಪಿಸಿರಲಿಲ್ಲ. ಇವತ್ತೂ ಹೆಡ್‌ಫೋನನ್ನು ನೇರವಾಗಿ, ಈಗ ಮನೆಗೆ ಹಿರಿಯನಾದ ಗಂಡನ ಕಿವಿಗೇ ಇಟ್ಟು ಬ್ಯಾಟರಿಯ ತಂತಿ ಸಿಕ್ಕಿಸಿದಳು.

ಎಶೆನ್ ಕಣ್ಣು ಮುಚ್ಚಿದ. ಬಹಳ ಹೊತ್ತು ಕಾದ. ತಲೆಯಾಡಿಸಿ, ಹೆಡ್‌ಫೋನ್ ತೆಗೆದು ಅವಳ ಮಡಿಲಲ್ಲಿಟ್ಟ.

"ನೀನು ಮಾಡಿದ್ದು ಚೆನ್ನಾಗೇ ಇದೆ ಮುದುಕಿ. ಕೆಟ್ಟಿರೋದು ನಾನು."

ಬುರುಲ್‌ಕಾನ್ ತಲೆವಸ್ತ್ರದ ತುದಿಯನ್ನು ಕಣ್ಣಿಗೊತ್ತಿಕೊಂಡಳು. ಕಲಿಪಾ ಮೆಲ್ಲಗೆ ಕೇಳಿದಳು, "ನಿನಗೆ ಹೇಗೆ ಕೇಳುತ್ತೆ ಅಕ್ಕ, ಅದು?"

"ನಾನಿನ್ನೂ ಕೇಳಿಲ್ಲವಲ್ಲ."

"ಅಯ್ಯೋ ನಿನ್ನ! ಉಪ್ಪೂ ನೋಡದೆ ಸಾರು ಬಡಿಸೋಳು ನೀನು!"

ಬುರುಲ್‌ಕಾನ್ ಹೆಡ್‌ಫೋನ್ ಕಿವಿಗಿಟ್ಟಳು. ಏನೂ ಇಲ್ಲ. ಪಿಸುಗುಡುವುದೂ ಇಲ್ಲ. ಅಷ್ಟು ಸಿಹಿಯಾದ ಮೌನವನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ನನಗೂ ಕೇಳಲ್ಲ!" ಎಂದು ಕಲಿಪಾಳ ಭುಜ ಹಿಡಿದು ಅಲುಗಿಸಿದಳು. "ಕಲಿಪಾ, ನನಗೂ ಕೇಳಲ್ಲ ಕಣೇ!"

"ಈಗ ಇಬ್ಬರೂ ಕಿವುಡರು ಅಂತ ಹಬ್ಬ ಮಾಡೋಣವಾ?"

ಬುರುಲ್‌ಕಾನ್ ಆಗಲೇ ಕನ್ನಡಕ ಏರಿಸಿ ರಟ್ಟಿನ ಮೇಲೆ ಬಾಗಿದ್ದಳು. ತಪ್ಪು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಾರ್ಖಾನೆಯ ಕಾಲದ ಟ್ರಾನ್ಸಿಸ್ಟರುಗಳಿಗೆ ಬ್ಯಾಟರಿಯ ಪ್ಲಸ್ಸು ಕೆಳಗಿನ ತಂತಿಗೆ. ಸಂತೆಯ ಈ ಹೊಸವಕ್ಕೆ ಅಲ್ಲಿ ಮೈನಸ್ಸು. ಇಪ್ಪತ್ತು ವರ್ಷ ರೂಢಿಯಾದ ಕೈ ಅವಳನ್ನು ಕೇಳದೆಯೇ ಬೆಸುಗೆ ಹಾಕಿಬಿಟ್ಟಿತ್ತು. ತಂತಿಗಳನ್ನು ಅದಲುಬದಲು ಮಾಡಿ, ಈ ಸಲ ತನ್ನ ಕಿವಿಗೇ ಮೊದಲು ಇಟ್ಟುಕೊಂಡಳು. ಕುಯ್ಯೆಂದಿತು.

ಎಶೆನ್‌ಗೆ ಅದು ಕೇಳಲಿಲ್ಲ. ಅವಳು ಎದೆಗುಂದಲಿಲ್ಲ. ಕೀರಲು ಸದ್ದು ಕೇಳದ ಕಿವಿಗೆ ದಪ್ಪ ಸದ್ದಾದರೂ ಕೇಳೀತು ಎಂದು ಕೆಪ್ಯಾಸಿಟರುಗಳನ್ನು ಕಿತ್ತು, ಹತ್ತು ಪಟ್ಟು ದೊಡ್ಡವನ್ನು ಕೂರಿಸಿದಳು. ಸದ್ದಿನ ಶ್ರುತಿ ತಗ್ಗಿ ದಪ್ಪಗಾಯಿತು. ಎಶೆನ್‌ನ ಹುಬ್ಬು ಅಲುಗಿತು.

"ಕಣಿವೆಯ ಆಚೆ ಯಾರದೋ ಟ್ರ್ಯಾಕ್ಟರ್," ಎಂದ.

ತನ್ನನ್ನು ಸಮಾಧಾನಪಡಿಸಲು ಹೇಳುತ್ತಿದ್ದಾನೇನೋ ಎಂದು ಅವಳಿಗೆ ಅನುಮಾನ. ಬೆನ್ನು ತಿರುಗಿಸಿ, ಅವನಿಗೆ ಕಾಣದಂತೆ ತಂತಿ ಬಿಡಿಸಿದಳು.

"ನಿಂತುಹೋಯ್ತು."

ಸಿಕ್ಕಿಸಿದಳು.

"ಬಂತು. ಏಯ್ ಮುದುಕಿ, ಆಟ ಆಡ್ತಿದ್ದೀಯಾ?"

ಬುರುಲ್‌ಕಾನ್ ಎರಡೂ ಅಂಗೈಗಳನ್ನು ಮುಖದ ಮೇಲಿಂದ ಕೆಳಗೆ ಸವರಿಕೊಂಡಳು. ಮೊದಲು ದೇವರನ್ನು ನೆನೆದಳು. ಆಮೇಲೆ, ಹದಿನೆಂಟರ ಹಳ್ಳಿ ಹುಡುಗಿಯಾಗಿದ್ದ ತನ್ನ ಕೈ ಹಿಡಿದು ಕಾರ್ಖಾನೆಯಲ್ಲಿ ಬೆಸುಗೆ ಕಲಿಸಿದ್ದ ನೀನಾ ಪೆತ್ರೋವ್ನಾಳನ್ನು. ಆಕೆ ಬದುಕಿದ್ದಾಳೋ ಇಲ್ಲವೋ. ಆಮೇಲೆ ಎದುರಿಗೇ ಕೂತು ಗೊಣಗುತ್ತಿದ್ದ ಕಲಿಪಾಳನ್ನು.

"ಅಳೋದಾದರೆ ಆಮೇಲೆ ಅಳು ಅಕ್ಕ, ಚಹಾ ಆರ್ತಾ ಇದೆ," ಎಂದ ಕಲಿಪಾಳ ಕಣ್ಣೂ ಒದ್ದೆಯಾಗಿತ್ತು.

ನಾಳೆ ನರೀನ್‌ಗೆ ಹೊರಡಲೆಂದು ಬುರುಲ್‌ಕಾನ್ ಗೂಟದಿಂದ ಗಂಡನ ಬಿಳಿ ಉಣ್ಣೆಯ ಟೊಪ್ಪಿಗೆ ಇಳಿಸಿ ಅಂಗಳಕ್ಕೆ ಒಯ್ದಳು. ಬಿಸಿನೀರು ಚಿಮುಕಿಸಿ, ಬೋರಲು ಹಾಕಿದ ಪಾತ್ರೆಯ ಮೇಲೆ ಎಳೆದು ಕೂರಿಸಿ, ಅಂಚನ್ನು ಬೆರಳಿನಿಂದ ತೀಡಿದಳು. ತೆರೆದ ಬಾಗಿಲಿನಾಚೆ ಎಶೆನ್ ಹೆಡ್‌ಫೋನಿನ ಎರಡು ಬಟ್ಟಲುಗಳನ್ನೂ ಅಂಗೈಗಳಿಂದ ಒತ್ತಿ ಹಿಡಿದು ಕೂತಿದ್ದ. ಟೊಪ್ಪಿಗೆಯಿಂದ ತೆಳ್ಳಗೆ ಆವಿ ಏಳುತ್ತಿತ್ತು.