ಕಿವಿಯಲ್ಲಿ ಕರೆಯುವ ಹೆಸರು

ಕಾಲಿನ ಎರಡು ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿದ್ದ ದಾರ ಮಂಜುಗಡ್ಡೆಯ ನೀರಿಗೆ ನೆನೆದು ಸಡಿಲವಾಗಿತ್ತು. ಕಮಲಾಕ್ಷಿ ಅದನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಗಂಟು ಬಿಗಿಯುವಾಗ ನೋವಾದೀತೆಂದು ಕೈ ತಾನಾಗಿಯೇ ಮೆಲ್ಲಗಾಯಿತು. ಆಮೇಲೆ ನೆನಪಾಗಿ ಜೋರಾಗಿಯೇ ಎಳೆದಳು.

ಅಣ್ಣ ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಅಣ್ಣ ಎಂದರೆ ಅವಳ ತಂದೆ, ಬ್ಯಾಂಕಿನ ಕ್ಯಾಷಿಯರ್ ಅಶ್ವತ್ಥ. ತುಮಕೂರಿನ ದೊಡ್ಡ ಮನೆಯಲ್ಲಿ ತಮ್ಮಂದಿರು ತಂಗಿಯರೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದರು. ಕೇಳಿ ಕೇಳಿ ಮಗಳ ಬಾಯಲ್ಲೂ ಅದೇ ನಿಂತಿತು.

ಬೆಳಗಿನ ರೈಲಿಗೆ ಬರಬೇಕಿದ್ದ ತಮ್ಮ ಬಾಲಚಂದ್ರ ಬಂದಿರಲಿಲ್ಲ. ಅವನು ವಿಶಾಖಪಟ್ಟಣದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ಮಾರ್ಚ್ ತಿಂಗಳಾದರೂ ವಿಜಯವಾಡದ ಬಿಸಿಲು ಹೊತ್ತೇರುವ ಮೊದಲೇ ಅಂಗಳಕ್ಕಿಳಿದಿತ್ತು. ಮರದ ಹೊಟ್ಟಿನಲ್ಲಿಟ್ಟಿದ್ದ ಎರಡನೆಯ ಮಂಜುಗಡ್ಡೆಯೂ ಕರಗುತ್ತಿತ್ತು.

ಹಿಂದಿನ ಬೀದಿಯ ಭ್ರಮರಾಂಬ ಬಂದು ಬಾಗಿಲಲ್ಲೇ ನಿಂತು ಒಳಗೆ ಇಣುಕಿದರು. ಪಕ್ಕದ ಮನೆಯ ಗಂಗಾಭವಾನಿ ಚಾಪೆಯಲ್ಲಿ ಜಾಗ ಬಿಟ್ಟರು. ಇಬ್ಬರೂ ತೆಲುಗಿನಲ್ಲಿ ಪಿಸುಗುಟ್ಟಿದರು.

"ಅಣ್ಣ ಅಣ್ಣ ಅಂತ ನಿನ್ನೆ ಈ ಹುಡುಗಿ ಕೂಗಿದ್ದು ಕೇಳಿಸ್ತು. ಯಾರೋ ಹುಡುಗ ಹೋದ ಅಂದುಕೊಂಡೆ. ನೋಡಿದರೆ ದೊಡ್ಡವರು."

"ಅವರಲ್ಲಿ ತಂದೇನೇ ಅಣ್ಣ ಅಂತಾರೆ."

"ಮತ್ತೆ ಅಣ್ಣನನ್ನು?"

"ಅವನನ್ನೂ ಅಣ್ಣ ಅಂತಲೇ."

"ಇಬ್ಬರೂ ಮನೆಯಲ್ಲಿದ್ದಾಗ ಕರೆದರೆ?"

"ಇಬ್ಬರೂ ಬರ್ತಾರೆ," ಎಂದರು ಗಂಗಾಭವಾನಿ. ಯಾರೋ ಸೆರಗಿನಲ್ಲಿ ನಗು ಅದುಮಿದರು. ಕಮಲಾಕ್ಷಿಗೆ ಕೇಳಿಸಿತು. ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಅಣ್ಣ ಇದ್ದಿದ್ದರೆ ಅವರೂ ನಗುತ್ತಿದ್ದರು ಎಂದಷ್ಟೇ ಅನ್ನಿಸಿತು.

ಬ್ಯಾಂಕಿನ ರಮಾಕಾಂತ ಗಾಜಿನ ಲೋಟ ಹಿಡಿದು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಧಾರವಾಡದವರು, ವರ್ಗವಾಗಿ ಬಂದವರು. "ತಂಗಿ, ಒಂದೀಟು ಚಾ ಕುಡಿ. ಎಷ್ಟೊತ್ತಂತ ಹಿಂಗ ಕೂಡ್ತಿ?"

"ಆಮೇಲೆ ಕುಡೀತೀನಿ."

"ಆಮ್ಯಾಲೆ ಅಂದ್ರ ಆರ್ತದ." ಲೋಟವನ್ನು ಅವಳ ಪಕ್ಕ ಇಟ್ಟು ಅವರು ಎದ್ದು ಹೋದರು.

ಪುರೋಹಿತ ಕಾಮೇಶ್ವರ ಶಾಸ್ತ್ರಿಗಳು ಹೊರಗೆ ಗಂಡಸರಿಗೆ ವಿವರಿಸುತ್ತಿದ್ದರು. ಗಂಗಾಭವಾನಿ ಅದನ್ನು ಅವಳಿಗೆ ಬಿಡಿಸಿ ಹೇಳಿದರು. "ನಮ್ಮ ಕಡೆ ದಾರಿಯ ಮಧ್ಯ ಚಟ್ಟ ಇಳಿಸ್ತಾರಮ್ಮ. ಮಗ ಬಗ್ಗಿ ಕಿವಿಯಲ್ಲಿ ಮೂರು ಸಲ ಕರೀತಾನೆ. ಎಲ್ಲಾದರೂ ಒಂದು ಉಸಿರು ಉಳಿದಿದ್ದರೆ ಎದ್ದುಬಿಡಲಿ ಅಂತ."

"ಏನಂತ ಕರೀತಾನೆ?" ಎಂದಳು ಕಮಲಾಕ್ಷಿ. ಬೆಳಗಿನಿಂದ ಅವಳು ತಾನಾಗಿ ಕೇಳಿದ ಮೊದಲ ಮಾತು ಅದು.

"ಇನ್ನೇನಂತ? ದಿನಾ ಕರೆಯೋ ಹಾಗೆ. ನಾನ್ನಾ ಅಂತ."

ಕಮಲಾಕ್ಷಿ ಚಹಾದ ಮೇಲೆ ಕಟ್ಟುತ್ತಿದ್ದ ಕೆನೆ ನೋಡುತ್ತ ಕೂತಳು. ನಾನ್ನ ಎಂದರೆ ತೆಲುಗಿನಲ್ಲಿ ಅಪ್ಪ. ಹಾಗೆ ಕರೆದರೆ ಅಣ್ಣ ಏಳುವುದಿಲ್ಲ.

*

ಆಗ ಅವರು ವಿಶಾಖಪಟ್ಟಣದಲ್ಲಿದ್ದರು. ಅಮ್ಮ ತೀರಿಕೊಂಡ ವರ್ಷ. ಕಮಲಾಕ್ಷಿ ಎಂಟನೆಯ ತರಗತಿಗೆ ಶಾಲೆ ಬಿಟ್ಟು ಒಲೆಯ ಮುಂದೆ ನಿಂತಿದ್ದಳು. ತಮ್ಮ ಬಾಲು ತೆಲುಗು ಶಾಲೆಗೆ ಹೋಗಲು ಶುರು ಮಾಡಿದ್ದ. ಸಮುದ್ರದ ಗಾಳಿಗೆ ಕಿಟಕಿಯ ಸರಳುಗಳು ತುಕ್ಕು ಹಿಡಿದು ಒರಟಾಗಿದ್ದವು. ಅವುಗಳಿಗೆ ಕಾಲು ಕೊಟ್ಟುಕೊಂಡು ಅವನು ಸಂಜೆ ಪಾಠ ಓದುತ್ತಿದ್ದ.

ತುಮಕೂರಿಗೆ ಹೋಗಿದ್ದ ಅಣ್ಣ ಅವನಿಗೊಂದು ಕನ್ನಡದ ಬಾಲಪಾಠ ತಂದರು. ಹಳದಿ ರಟ್ಟು, ಒಳಗೆಲ್ಲ ಅಂಟಿನ ವಾಸನೆ. ಕಮಲಾಕ್ಷಿ ಅದನ್ನು ತೆರೆದು ಮೊದಲು ಮೂಸಿದಳು. ಅವಳೂ ಅಂಥದ್ದರಲ್ಲೇ ಕಲಿತವಳು. "ಕಾಗೆ ನೀರಿಗೆ ಇಳಿಯಿತು. ಕಾಗೆ ಮೇಲೆ ಬಂತು. ಕಾಗೆ ಕಪ್ಪಗಿದೆ." ಚಪಾತಿ ಲಟ್ಟಿಸುತ್ತ ಅವಳು ಪುಟ ನೋಡದೆ ಹೇಳುತ್ತಿದ್ದಳು. ಬಾಲು ಪುಟ ನೋಡಿಯೂ ತಡವರಿಸುತ್ತಿದ್ದ.

ಅವನು ಬರೆದ ಕನ್ನಡ ಅಕ್ಷರಗಳ ತಲೆಯ ಮೇಲೆಲ್ಲ ತೆಲುಗಿನ ಗೀಟು ನೆಟ್ಟಗೆ ನಿಂತಿರುತ್ತಿತ್ತು. "ಇವಕ್ಕೆಲ್ಲ ಯಾಕೋ ಜುಟ್ಟು ಬಿಟ್ಟಿದ್ದೀಯ?" ಎಂದು ಅಣ್ಣ ಒಂದೊಂದನ್ನೂ ರಬ್ಬರಿನಿಂದ ಅಳಿಸಿ ಚಪ್ಪಟೆ ಮಾಡಿಸುತ್ತಿದ್ದರು. "ಇದು ಕ್ಷೌರ ಮಾಡಿಸಿದ ಕ. ಈಗ ಕನ್ನಡದ್ದಾಯ್ತು."

ಒತ್ತಕ್ಷರದ ಪಾಠದ ದಿನ ಬಾಲು ಚಿತ್ರಗಳ ಕೆಳಗೆ ಬೆರಳಿಟ್ಟು ಓದಿದ. ಅಕ್ಕ, ಜಡೆ ಹಾಕಿದ ಹುಡುಗಿ. ಅಣ್ಣ, ಚೀಲ ಹೊತ್ತ ಹುಡುಗ. ಅಪ್ಪ, ಮೀಸೆ ಇರುವವರು. ಅವನ ಬೆರಳು ಹುಡುಗನ ಮೇಲೆ ನಿಂತಿತು.

"ಇದು ತಪ್ಪು."

"ಯಾವುದೋ?"

"ಇವನು ಅಣ್ಣ. ನೀವು ಇವರು, ಅಪ್ಪ. ನಮ್ಮ ಸ್ಕೂಲಿನ ಪುಸ್ತಕದಲ್ಲೂ ಅಣ್ಣ ಅಂದ್ರೆ ಹುಡುಗಾನೇ. ನಾನು ನಿಮ್ಮನ್ನ ಅಣ್ಣ ಅಂದ್ರೆ ಎಲ್ಲಾರೂ ನಗ್ತಾರೆ. ನಿಮ್ಮ ಅಣ್ಣಂಗೆ ಬಟ್ಟತಲೆ ಅಂತ ಟೀಚರೂ ನಕ್ಕರು."

ಅಣ್ಣ ತಲೆ ಸವರಿಕೊಂಡರು. "ಪುಸ್ತಕ ಎಲ್ಲರ ಮನೆಗೂ ಸೇರಿಸಿ ಬರೆದದ್ದು ಕಣೋ. ನಮ್ಮನೇಲಿ ಅಣ್ಣ ಅಂದ್ರೆ ನಾನೇ. ಆದರೆ ಣಕಾರ ಸರಿಯಾಗಿ ಹೇಳು. ನೀನು ಅನ್ನ ಅಂದ್ರೆ ನಿಮ್ಮಕ್ಕ ನನ್ನ ತಟ್ಟೆಗೆ ಬಡಿಸಿಬಿಡ್ತಾಳೆ."

ಬಾಲು ನಗಲಿಲ್ಲ. ಮರುದಿನ ಗೆಳೆಯರ ಎದುರು ನಾನ್ನ ಎಂದ. ಮಳೆಗಾಲ ಮುಗಿಯುವಷ್ಟರಲ್ಲಿ ಮನೆಯೊಳಗೂ ನಾನ್ನ. ಬಾಲಪಾಠ ಒತ್ತಕ್ಷರದಿಂದ ಮುಂದೆ ಹೋಗಲಿಲ್ಲ. ಅಣ್ಣ ಬೈಯಲಿಲ್ಲ. ಅವನು ನಾನ್ನ ಎಂದಾಗಲೆಲ್ಲ ಓದುತ್ತಿದ್ದ ಪೇಪರಿನಿಂದ ತಲೆ ಎತ್ತುತ್ತಿದ್ದರು, ಆದರೆ ಸ್ವಲ್ಪ ತಡವಾಗಿ. ಯಾರನ್ನೋ ಕರೆದದ್ದು, ನನ್ನನ್ನೇ ಇರಬೇಕು ಎನ್ನುವ ಹಾಗೆ. ಅಡುಗೆಮನೆಯಿಂದ ಕಮಲಾಕ್ಷಿ ಅದನ್ನು ಎಷ್ಟೋ ವರ್ಷ ನೋಡಿದ್ದಳು.

*

ಮಧ್ಯಾಹ್ನ ಮೂರಕ್ಕೆ ಬಾಲು ಬಂದ. ಒಳಗೆ ಬಂದು ಚಾಪೆಯ ತುದಿಯಲ್ಲಿ ಕೂತು ತಂದೆಯ ಮುಖವನ್ನು ಪರಿಚಯವಿಲ್ಲದವರದೆಂಬಂತೆ ನೋಡಿದ. ಹೊತ್ತಾಯಿತೆಂದು ಶಾಸ್ತ್ರಿಗಳು ಅವನನ್ನು ಸ್ನಾನಕ್ಕೆ ಎಬ್ಬಿಸಿದರು. ಹಿತ್ತಲ ನಲ್ಲಿಯ ಹತ್ತಿರ ಕಮಲಾಕ್ಷಿ ಅವನ ತಲೆಗೆ ನೀರು ಸುರಿದಳು.

"ಯಾಕೋ ಇಷ್ಟು ತಡ?"

"ನಿನ್ನೆ ಫೋನು ಮಾಡಿದ್ದು ನೀನೇನಾ?"

"ಹೂಂ. ಗಂಗಾಭವಾನಿಯವರ ಮನೆಯಿಂದ." ಅವಳು ಫೋನಿನಲ್ಲಿ ಮಾತಾಡಿದ್ದು ಅದೇ ಮೊದಲು.

"ಏನಂತ ಹೇಳಿದೆ?"

"ಅಣ್ಣ ಹೋದರು, ಬಾಲಚಂದ್ರನಿಗೆ ಬೇಗ ಬರೋಕೆ ಹೇಳಿ ಅಂತ. ತೆಲುಗಲ್ಲೇ ಹೇಳಿದೆ."

"ಅಣ್ಣ ಅನ್ನೋದನ್ನೂ ತೆಲುಗಲ್ಲಿ ಹೇಳಬೇಕಿತ್ತು, ಅಕ್ಕ." ಅವನ ದನಿಯಲ್ಲಿ ದೂರು ಇರಲಿಲ್ಲ. "ವಾರ್ಡನ್ ಬಂದು, ನಿಮ್ಮ ಅಣ್ಣ ಹೋದರಂತೆ ಅಂದರು. ನಂಗೆ ಅಣ್ಣ ಇಲ್ಲ ಸಾರ್ ಅಂದೆ. ಇನ್ನೊಬ್ಬ ಬಾಲಚಂದ್ರ ಇದ್ದಾನೆ, ರಾಜಮಂಡ್ರಿಯವನು. ಅವನಿಗೆ ನಿಜವಾಗ್ಲೂ ಅಣ್ಣ ಇದ್ದಾನೆ."

ಕಮಲಾಕ್ಷಿಯ ಕೈಯ ಚೆಂಬು ನಿಂತಿತು.

"ನಾನೇ ಅವನ ರೂಮಿಗೆ ಹೋಗಿ ಹೇಳಿದೆ. ತುಂಬಾ ಅತ್ತ. ಬೆನ್ನು ಸವರ್ತಾ ಕೂತಿದ್ದೆ. ರಾತ್ರಿ ರೈಲು ಹತ್ತಿಸಿ ಬಂದೆ." ಅವನು ಕಣ್ಣಿಗಿಳಿದ ನೀರನ್ನು ಒರೆಸಿಕೊಂಡ. "ಬೆಳಗ್ಗೆ ಪಕ್ಕದ ಮನೆ ಸತ್ಯಮೂರ್ತಿಗಾರು ಫೋನು ಮಾಡಿ ನಾನ್ನಗಾರು ಅಂದಾಗ ತಿಳೀತು. ಅಷ್ಟೊತ್ತಿಗೆ ಅಳೋದೆಲ್ಲ ಆಗಿಹೋದ ಹಾಗೆ ಇತ್ತು. ಅವನು ಅತ್ತಿದ್ದಾನೆ, ನಾನು ಸಮಾಧಾನ ಮಾಡಿದ್ದೀನಿ."

ಅವಳು ಮತ್ತೊಂದು ಚೆಂಬು ಸುರಿದಳು.

"ಬಾಲೂ, ದಾರೀಲಿ ಇಳಿಸಿ ಕಿವಿಯಲ್ಲಿ ಕರೆಯೋಕೆ ಹೇಳ್ತಾರೆ. ಅಣ್ಣ ಅಂತ ಕರಿ."

ಅವನು ಕೂದಲಿನ ನೀರು ಹಿಂಡಿಕೊಂಡ.

"ನಾನ್ನ ಅಂದ್ರೆ ಅವರು ತಡವಾಗಿ ತಿರುಗ್ತಾರೆ."

"ಹೂಂ," ಎಂದ ಬಾಲು.

*

ಮಡಕೆಯಲ್ಲಿ ಬೆಂಕಿ ಹಿಡಿದು ಬಾಲು ಮುಂದೆ ನಡೆದ. ಹೆಂಗಸರು ಬೀದಿಯ ತಿರುವಿನಲ್ಲಿ ನಿಂತರು. ಅಲ್ಲಿಂದ ಆಚೆ ಕೃಷ್ಣೆಗೆ ಹೋಗುವ ದೊಡ್ಡ ರಸ್ತೆ, ಅದರ ಕೊನೆಗೆ ದುರ್ಗಮ್ಮನ ಬೆಟ್ಟ. ರಸ್ತೆ ಸೇರುವಲ್ಲಿದ್ದ ಬೇವಿನ ಮರದ ಕೆಳಗೆ ಚಟ್ಟ ಇಳಿಸಿದರು. ಕಮಲಾಕ್ಷಿ ನಿಂತಲ್ಲಿಂದಲೇ ಎಲ್ಲ ಕಾಣುತ್ತಿತ್ತು.

ಬಾಲು ಮಡಕೆಯನ್ನು ನೆಲಕ್ಕಿಟ್ಟು ಮಂಡಿಯೂರಿದ. ಅವನ ತುಟಿ ತೆರೆಯಿತು, ಮುಚ್ಚಿತು. ಶಾಸ್ತ್ರಿಗಳು ಕಾದರು. ಅವನು ಇನ್ನೊಮ್ಮೆ ಬಗ್ಗಿದ. ನಾಲಿಗೆ ಮೇಲಂಗಳಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಂಡವನಂತೆ ಕತ್ತು ಉಬ್ಬಿಸಿದ. ದನಿ ಬರಲಿಲ್ಲ. ತಲೆ ಎತ್ತಿ ತಿರುವಿನ ಕಡೆ ನೋಡಿದ.

"ಅಕ್ಕಾ, ರಾ," ಎಂದ. ಆಮೇಲೆ, "ಬಾ."

ಗಂಗಾಭವಾನಿ ಕಮಲಾಕ್ಷಿಯ ಮೊಣಕೈ ಹಿಡಿದಿದ್ದರು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಆಮೇಲೆ ಕೈ ಸಡಿಲಿಸಿದರು. ಬೀದಿಯವರೆಲ್ಲ ನೋಡುತ್ತಿದ್ದಾರೆಂದು ಗೊತ್ತಿದ್ದೂ ಅವಳು ನಡೆದಳು. ಹೆಣ್ಣುಮಕ್ಕಳು ಬರಬಾರದು ಎಂದು ಶಾಸ್ತ್ರಿಗಳು ಕೈ ಅಡ್ಡ ಮಾಡಿದರು.

"ಇರ್ಲಿ ಬಿಡ್ರಿ ಶಾಸ್ತ್ರಿಗಳ," ಎಂದರು ರಮಾಕಾಂತ. "ಆಕಿ ಕರದ್ರ ಅವರು ಎದ್ದು ಬರ್ತಾರಂದ್ರ ನಾವ್ಯಾಕ ಬ್ಯಾಡ ಅನ್ನೂಣು?" ಶಾಸ್ತ್ರಿಗಳಿಗೆ ಆ ಕನ್ನಡ ಎಷ್ಟು ತಿಳಿಯಿತೋ, ಕೈ ಕೆಳಗಿಳಿಸಿದರು.

ಅವಳು ಬಗ್ಗಿದಳು. ಕಿವಿಯ ಮೇಲೆ ತುಳಸಿಯ ಒಂದು ಎಲೆ ಅಂಟಿತ್ತು. ಊಟಕ್ಕೆ ಕರೆಯುವ ಹಾಗೆ ಮೆಲ್ಲಗೆ, "ಅಣ್ಣ," ಎಂದಳು. ಕಾದಳು. ಇನ್ನೊಮ್ಮೆ, "ಅಣ್ಣ."

"ಗಟ್ಟಿಗಾ ಪಿಲವಮ್ಮಾ," ಎಂದರು ಶಾಸ್ತ್ರಿಗಳು, ಜೋರಾಗಿ ಕರಿ ಎಂದು.

ಅವಳು ಉಸಿರೆಳೆದುಕೊಂಡು ಕೂಗಿದಳು. "ಅಣ್ಣಾ!"

ಬೀದಿಯವರು ನಿನ್ನೆ ಕೂಡ ಅವಳ ಗಂಟಲಿಂದ ಅಂಥ ದನಿ ಕೇಳಿರಲಿಲ್ಲ. ದೊಡ್ಡ ರಸ್ತೆಯಲ್ಲಿ ಖಾಲಿ ಹೋಗುತ್ತಿದ್ದ ಸೈಕಲ್ ರಿಕ್ಷಾ ಕಿರ್ರೆಂದು ಬ್ರೇಕು ಹಾಕಿ ನಿಂತಿತು. ಚಟ್ಟದ ಸುತ್ತ ಜನ ನಿಂತಿದ್ದರಿಂದ ರಿಕ್ಷಾದವನಿಗೆ ಅವಳ ತಲೆಯಷ್ಟೇ ಕಾಣಿಸಿರಬೇಕು. ಅವನು ಕೆಳಗಿಳಿದು ಹೆಗಲಿನ ಟವೆಲು ತೆಗೆದು ಸೀಟಿನ ಧೂಳು ಒರೆಸಿದ.

"ಎಕ್ಕಡಿಕಮ್ಮಾ?" ಎಂದು ಕೇಳಿದ, ಎಲ್ಲಿಗೆ ಹೋಗಬೇಕಮ್ಮ ಎಂದು.

ನಾಲ್ವರು ಬಗ್ಗಿ ಚಟ್ಟಕ್ಕೆ ಹೆಗಲು ಕೊಟ್ಟರು. ಅದು ಮೇಲೇಳುತ್ತಿದ್ದಂತೆ ರಿಕ್ಷಾದವನ ಕೈ ಸೀಟಿನ ಮೇಲೆಯೇ ನಿಂತಿತು. ಟವೆಲಿನ ಒಂದು ತುದಿ ಗಾಳಿಗೆ ಬಡಿದುಕೊಳ್ಳುತ್ತಿತ್ತು.