ಓರೆ ಕತ್ತರಿಸಿದ ಬಾಲ

ಕರಿಯಯ್ಯನ ತಗ್ಗಿನ ಗದ್ದೆಯ ನೀರು ಯಗಚಿ ಹೊಳೆಗೆ ಇಳಿಯಬೇಕಾದರೆ ಹನುಮಯ್ಯನ ಹೊಲದೊಳಗಿನ ಬಸಿಗಾಲುವೆಯನ್ನೇ ಹಿಡಿಯಬೇಕು. ಮುಂಗಾರಿನ ಮೊದಲ ಜೋರು ಮಳೆಗೆ ಬಸುರಿ ಗೆಂಡೆಮೀನುಗಳು ಅದೇ ಕಾಲುವೆ ಹತ್ತಿ ಬಂದು ಗದ್ದೆಯಲ್ಲಿ ಮೊಟ್ಟೆಯಿಟ್ಟು ಹೋಗುತ್ತಿದ್ದವು. ಆಮೇಲೆ ಭತ್ತದ ಬುಡದಲ್ಲೆಲ್ಲ ಜೀರಿಗೆಯಷ್ಟಷ್ಟು ಮರಿ. ಕಳೆ ಕೀಳುವ ಹೆಂಗಸರಿಗೆ ಕರಿಯಯ್ಯ, "ಕಾಲು ನೋಡ್ಕೊಂಡು ಇಡ್ರವ್ವಾ, ಕೂಸುಗಳವೆ" ಎನ್ನುತ್ತಿದ್ದ.

ಯಗಚಿಯ ಡ್ಯಾಮು ಇನ್ನೂ ಕಟ್ಟಿ ಮುಗಿದಿರಲಿಲ್ಲ. ಆ ವರ್ಷ ಹನುಮಯ್ಯ ಬೇಲೂರಿನಿಂದ ಟ್ರ್ಯಾಕ್ಟರ್ ತಂದ. ಟ್ರ್ಯಾಕ್ಟರ್‌ಗೆ ದಾರಿ ಬೇಕು, ದಾರಿಗೆ ಕಾಲುವೆ ಅಡ್ಡ.

"ಮುಂದಿನ ಮಳೆಗೆ ಮುಂಚೆ ಮುಚ್ಚಿಬಿಡ್ತೀನಿ ಕಣ್ಲಾ ಕರಿಯ. ನಿನ್ನ ನೀರನ್ನ ಆ ಕಡೆ ಹಳ್ಳಕ್ಕೆ ತಿರುಗಿಸ್ಕೊ."

"ನೀರೇನೋ ತಿರುಗ್ತೈತೆ. ಮೀನು? ಹೊಳೆ ಮಡುವಿನ ಗೆಂಡೆಯೆಲ್ಲ ಹುಟ್ಟೋದು ನನ್ನ ಗದ್ದೇಲಿ."

ಹನುಮಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನ್ನ ಗದ್ದೇವು ಬೆರಳುದ್ದದ ಜಾತಿ ಕಣ್ಲಾ, ಅವು ಬೆಳೆಯೋದೇ ಅಷ್ಟು. ಮಡುವಿನವು ಮಡುವಲ್ಲೇ ಹುಟ್ಟಿದವು. ಕರಿಯಯ್ಯನ ಮಕ್ಕಳು ಅಂತ ಅವುಗಳ ಮೈಮೇಲೆ ಬರ್ದೈತಾ?"

"ಬರೀತೀನಿ ಬಿಡು," ಎಂದ ಕರಿಯಯ್ಯ.

ಯುಗಾದಿ ಕಳೆದ ಮೇಲೆ ಊರವರೆಲ್ಲ ಸೇರಿ ಮಡುವಿಗೆ ಬಲೆ ಹಾಕುವುದು ರೂಢಿ. ಉಳಿದ ದಿನ ಅಲ್ಲಿ ಯಾರೂ ಗಾಳವನ್ನೂ ಬಿಡುವಂತಿಲ್ಲ. ಆವತ್ತು ಕರಿಯಯ್ಯ ಗದ್ದೆಯಲ್ಲಿ ಗುರುತು ಮಾಡಿ ಬಿಟ್ಟ ಮೀನು ಒಂದು ಸಿಕ್ಕರೂ ಕಾಲುವೆ ಉಳಿಯಿತು, ಸಿಗದಿದ್ದರೆ ಮುಚ್ಚಿತು ಎಂದು ಇಬ್ಬರೂ ಕೈಮೇಲೆ ಕೈಯಿಟ್ಟು ಒಪ್ಪಿಕೊಂಡರು.

ಕೊಯ್ಲಿಗೆ ಗದ್ದೆಯ ನೀರು ಬಿಡುವ ಮುನ್ನ ಕರಿಯಯ್ಯ ಟವೆಲ್ಲಿನಲ್ಲಿ ಮರಿಗಳನ್ನು ಗೋರಿ ಗೋರಿ ಕೊಟ್ಟ. ಅವನ ಹೆಂಡತಿ ಗಿಡ್ಡಮ್ಮ ಊರವರಿಗೆಲ್ಲ ರವಿಕೆ ಹೊಲಿಯುವವಳು. ತನ್ನ ಕತ್ತರಿಯಿಂದ ಒಂದೊಂದರ ಬಾಲದ ತುದಿಯನ್ನೂ ಓರೆಯಾಗಿ ಕತ್ತರಿಸಿ ನೀರಿಗೆ ಬಿಟ್ಟಳು.

"ಎಷ್ಟು ಜನಕ್ಕೆ ಅಳತೆ ತಗಂಡಿದ್ದೀನಿ, ಹಿಂಗೆ ಒದ್ದಾಡಿದೋರು ಯಾರೂ ಇಲ್ಲ," ಎಂದಳು. ಬದುವಿನ ಮೇಲೆ ಸಾಕ್ಷಿಗೆ ನಿಂತಿದ್ದ ಹನುಮಯ್ಯ, "ಕೂಲಿ ಮಡುವಲ್ಲಿ ಇಸ್ಕೊ ತಂಗಿ," ಎಂದ.

ಬದುವಿನ ಕಂಡಿ ಒಡೆದೊಡನೆ ಮರಿಗಳು ನೀರಿನ ಜೊತೆ ಜಾರಿದವು. ಎತ್ತು ತೊಳೆಯಲು ಹೊಳೆಗೆ ಹೋದಾಗಲೆಲ್ಲ ಕರಿಯಯ್ಯ ಬಗ್ಗಿ ಬಗ್ಗಿ ನೋಡುತ್ತಿದ್ದ. ಮೊದಮೊದಲು ಅವು ದಡದ ಜೊಂಡಿನ ಸಂದಿಯಲ್ಲಿ, ನಿಂತ ನೀರಲ್ಲಿ ಗುಂಪುಗಟ್ಟಿದ್ದವು. ಸಂಕ್ರಾಂತಿಯ ಹೊತ್ತಿಗೆ ಜೊಂಡು ಬಿಟ್ಟು ಕಲ್ಲುಗಳ ನಡುವಿನ ಹರಿಯುವ ನೀರಿಗೆ ಬಂದವು. ಶಿವರಾತ್ರಿ ಕಳೆದ ಮೇಲೆ ಅಲ್ಲೂ ಇಲ್ಲ.

"ಮಡುವಿಗೆ ಇಳಿದವೆ ಕಣೇ," ಎಂದು ಬಂದು ಹೇಳಿದ.

"ಅಂಗನವಾಡಿ ಆಯ್ತು, ಇಸ್ಕೂಲಾಯ್ತು, ಈಗ ಕಾಲೇಜು ಅನ್ನಿ," ಎಂದು ಗಿಡ್ಡಮ್ಮ ಮಿಷನ್ ತುಳಿದಳು.

ಬಲೆ ಎಳೆದ ದಿನ ಮರಳಿನ ಮೇಲೆ ಮೀನಿನ ರಾಶಿ ಬಿತ್ತು. ಕರಿಯಯ್ಯ ಒಂದೊಂದನ್ನೂ ಎತ್ತಿ ನೋಡಿದ. ಎಲ್ಲದರ ಬಾಲವೂ ಪೂರ್ತಿ ಇತ್ತು.

"ಏನ್ಲಾ, ಮೀನು ನೋಡ್ತಿದ್ದೀಯೋ ಹೆಣ್ಣು ನೋಡ್ತಿದ್ದೀಯೋ?" ಎಂದು ಹನುಮಯ್ಯ ಕೂಗಿದ. ಊರೆಲ್ಲ ನಕ್ಕಿತು. ಕರಿಯಯ್ಯನಿಗೆ ನಗು ಬರಲಿಲ್ಲ. ಮುಂದಿನ ಮಳೆಗೆ ಬರುವ ಬಸುರಿ ಮೀನುಗಳು ಮಣ್ಣಿಗೆ ಮೂತಿ ಬಡಿದುಕೊಳ್ಳುವುದೇ ಅವನ ಕಣ್ಣಮುಂದೆ. "ಮಾತಂದ್ರೆ ಮಾತು. ಮುಚ್ಚಪ್ಪ," ಎಂದು ಮರಳಿನ ಮೇಲೆ ಕುಳಿತುಬಿಟ್ಟ.

ತಮ್ಮ ಪಾಲಿನ ಗೆಂಡೆಯನ್ನು ಕಲ್ಲಿನ ಮೇಲೆ ಉಜ್ಜುತ್ತಿದ್ದ ಗಿಡ್ಡಮ್ಮ ಕೈ ನಿಲ್ಲಿಸಿದಳು. ಬಾಲವನ್ನು ಬೀಸಣಿಗೆಯಂತೆ ಬಿಡಿಸಿ ಬಿಸಿಲಿಗೆ ಹಿಡಿದಳು.

"ಹನುಮಣ್ಣ, ಬಾ ಇಲ್ಲಿ. ಈ ಎಳೆಗಳು ನೆಟ್ಟಗೆ ಬಂದು ಇಲ್ಲಿ ಎಲ್ಲಾ ಒಟ್ಟಿಗೆ ಸೊಟ್ಟಗಾಗವೆ ನೋಡು. ಓರೆಯಾಗಿ ಒಂದೇ ಗೆರೆ. ಅಲ್ಲಿಂದಾಚೆ ಬಣ್ಣಾನೂ ತೆಳು. ಇದು ನನ್ನ ಕತ್ತರಿ ಹೋದ ಜಾಗ. ಬಾಲ ಮತ್ತೆ ಬೆಳ್ಕೊಂಡೈತೆ!"

ಹನುಮಯ್ಯ ಮುಟ್ಟಿ ನೋಡಿದ. "ಏಡಿ ಕಚ್ಚಿರಬೇಕು."

"ಏಡಿ ಇಷ್ಟು ನೀಟಾಗಿ ಕತ್ತರಿಸೋದಾದ್ರೆ ನನ್ನ ಮಿಷನ್ನು ಅದಕ್ಕೇ ಕೊಟ್ಟುಬಿಡ್ತೀನಣ್ಣ."

ಅವನು ತನ್ನ ಪಾಲಿನ ಕಡೆ ಹೋದ. ಬೆನ್ನು ತಿರುಗಿಸಿ ನಿಂತು ಒಂದು ಮೀನಿನ ಬಾಲ ಬಿಡಿಸಿ ಬಿಸಿಲಿಗೆ ಹಿಡಿದ, ಇನ್ನೊಂದನ್ನು ಹಿಡಿದ, ಎರಡನ್ನೂ ಬೇಗ ಬುಟ್ಟಿಯ ತಳಕ್ಕೆ ಹಾಕಿಕೊಂಡ. ಗಿಡ್ಡಮ್ಮ ಗಂಡನ ಪಕ್ಕೆಗೆ ತಿವಿದಳು.

ಮಳೆಗಾಲಕ್ಕೆ ಮುಂಚೆ ಟ್ರ್ಯಾಕ್ಟರಿನಲ್ಲಿ ಸಿಮೆಂಟ್ ಪೈಪು ಬಂತು. ಕಾಲುವೆಯಲ್ಲಿ ಪೈಪು, ಮೇಲೆ ದಾರಿ.

"ಮೀನಿಗಲ್ಲ ಕಣ್ಲಾ, ನಿನ್ನ ನೀರು ನಿಲ್ಲಬಾರ್ದು ಅಂತ," ಎಂದ ಹನುಮಯ್ಯ.

"ಹೂಂ ಕಣಪ್ಪ, ನೀರಿಗೇ," ಎಂದು ಕರಿಯಯ್ಯ ಗುದ್ದಲಿ ಹಿಡಿದ.

ಆಳುಗಳು ಪೈಪು ಕೂರಿಸಿ ಮಣ್ಣೆಳೆಯಲು ನೋಡಿದರು. ಹನುಮಯ್ಯ ಹೊಳೆಯ ಕಡೆಗೆ ಇಳಿದು, ಪೈಪಿನ ಬಾಯಿಯನ್ನು ಬಗ್ಗಿ ನೋಡಿ ರೇಗಿದ.

"ಇನ್ನೊಂದು ಗೇಣು ಇಳಿಸ್ರೋ! ಬಸುರೀರು ಇಷ್ಟು ಎತ್ತರ ಹಾರಿ ಹತ್ತಬೇಕೇನ್ರೋ?"